ರ‍್ಯಾಪ್ ನಮ್ದಲ್ಲ ಖರೆ, ಕಿವಿ ನಮ್ದೈತಲ್ಲ!

ಹೋದ ವರ್ಷದ ಫೆಸ್ಟ್ ನೆನಪೈತಲ್ಲ? ಎರಡನೇ ದಿನ ರಾತ್ರಿ, ಹಾಡಿನ ಸ್ಪರ್ಧೆ ಮುಗಿದು ಡಾನ್ಸ್ ಶುರುವಾಗೋ ಮೊದಲು ಐದು ನಿಮಿಷ ಖಾಲಿ ಸಿಕ್ಕಿತ್ತು. ಆ ಐದು ನಿಮಿಷದಾಗ ನಮ್ಮ ಕ್ಲಾಸಿನ ಹುಡುಗನೊಬ್ಬ ಮೈಕ್ ಹಿಡಿದು ರ‍್ಯಾಪ್ ಮಾಡಿದ. ಇಳಕಲ್ಲಿನವ. ಮನೆಯೊಳಗೆ ಮಗ್ಗ ಐತಿ. ಹಾಸ್ಟೆಲಿನಾಗ ಅವ ಬಾಯಿ ತೆಗೆದ್ರ ಹತ್ತು ಮಂದಿ ಸುತ್ತ ಕೂಡ್ತಾರ, ಮಾತು ಅಷ್ಟು ಚುರುಕು. ಆದ್ರ ಸ್ಟೇಜ್ ಹತ್ತಿದ ಕೂಡ್ಲೇ ಅವ ಬ್ಯಾರೆ ಮನುಷ್ಯ ಆಗಿಬಿಟ್ಟ. ಸಾಲಿಗೊಂದು 'ಗುರೂ', ಸಾಲಿಗೊಂದು 'ಮಗಾ'. ಸಿಲ್ಕ್ ಬೋರ್ಡ್ ಟ್ರಾಫಿಕ್ ಬಗ್ಗೆ ಒಂದು ಸಾಲು ಬೇರೆ. ಆ ಸಿಲ್ಕ್ ಬೋರ್ಡನ್ನ ಅವ ನೋಡಿದ್ದು ರೀಲ್ಸ್‌ನಾಗ ಮಾತ್ರ!

ಮುಗಿದ ಮ್ಯಾಲೆ ಚಹಾ ಅಂಗಡಿ ಮುಂದ ನಿಂತು ಕೇಳಿದ್ವಿ: "ಯಾಕಲೇ, ನಿನ್ನ ಭಾಷೆ ಎಲ್ಲಿ ಬಿಟ್ಟು ಬಂದಿ?"

ಅವ ನಗಲಿಲ್ಲ. "ನಮ್ಮ ಭಾಷಾದಾಗ ಹೇಳಿದ್ರ ಮಂದಿ ನಗತಾರ್ಲೇ. ಅದನ್ನ ರ‍್ಯಾಪ್ ಅನ್ನಂಗಿಲ್ಲ, ಕಾಮಿಡಿ ಅಂತಾರ" ಅಂದ.

ಅವ ಹೇಳಿದ್ದು ಸುಳ್ಳಲ್ಲ. ಸಿನಿಮಾದಾಗ ನಮ್ಮ ಕಡೆ ಮಾತು ಬಂದ್ರ ಬಹಳ ಸಲ ಅದು ನಗಸಾಕ ಬರತೈತಿ. ಹೀರೋ ಸಿಟ್ಟಿಗೆ ಬಂದಾಗ, ಪ್ರೀತಿ ಹೇಳುವಾಗ ಬ್ಯಾರೆ ಕನ್ನಡ. ಇಪ್ಪತ್ತು ವರ್ಷ ಅದನ್ನೇ ನೋಡಿ ಬೆಳೆದ ಹುಡುಗ, ತನ್ನ ಸಿಟ್ಟಿಗೂ ಬ್ಯಾರೆಯವರ ಕನ್ನಡ ಸಾಲ ತಂದ್ರ ತಪ್ಪು ಅವನದಷ್ಟೇ ಅಲ್ಲ.

ಆ ಮಾತು ತಲ್ಯಾಗ ಇಟ್ಕೊಂಡು ಕನ್ನಡ ಸಂಘದ ಸಭೆಯೊಳಗೆ ನಾವೊಂದು ವಿಚಾರ ಮುಂದಿಟ್ವಿ: ಹದಿನೈದು ದಿನಕ್ಕೊಮ್ಮೆ ಸಂಜೆ ಒಂದು ತಾಸು ಕೂತು ಹಿಪ್ ಹಾಪ್ ಕೇಳೋಣ. ಎಲ್ಲಿ ಹುಟ್ಟಿತು, ಯಾರು ಕಟ್ಟಿದರು, ಎಷ್ಟು ಬಗೆ ಅದಾವ, ಕನ್ನಡಕ್ಕ ಹೆಂಗ ಬಂತು, ಎಲ್ಲಾ ಕ್ರಮವಾಗಿ. ಎರಡು ಬಗೆಯ ವಿರೋಧ ಬಂತು. ಒಂದು: "ಇದು ಅಮೆರಿಕಾದ್ದು, ಬೈಗುಳದ ಸಂಗೀತ, ಕನ್ನಡ ಸಂಘಕ್ಕ ಯಾಕ ಬೇಕು?" ಇನ್ನೊಂದು ಅದಕ್ಕ ಪೂರ್ತಿ ಉಲ್ಟಾ: "ರ‍್ಯಾಪ್ ನಮ್ಮಲ್ಲಿ ಮೊದಲಿಂದಲೂ ಇತ್ತು. ಗೀಗೀ ಪದಾನ ರ‍್ಯಾಪು. ಹೊಸದಾಗಿ ಕೇಳೋದೇನೈತಿ?"

ನಮಗೆ ಎರಡೂ ಒಪ್ಪಿಗೆ ಇಲ್ಲ. ಒಂದು ಮಾತು ತಿರಸ್ಕಾರದ್ದು, ಇನ್ನೊಂದು ಅಭಿಮಾನದ್ದು. ಆದ್ರ ಎರಡರ ಫಲ ಒಂದೇ: ಕೇಳೋದು ಬ್ಯಾಡ. ಕೇಳದೇ ತೀರ್ಪು ಕೊಡೋ ಈ ಚಟದ ವಿರುದ್ಧ ನಮ್ಮ ವಾದ.

ಓಣಿಯೊಳಗೆ ಹುಟ್ಟಿದ್ದು

ಮೊದಲು ಹುಟ್ಟಿದ ಕಥೆ. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಭಾಗದ ಸೆಜ್ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಶಾಲೆ ಶುರುವಾಗೋ ಮುನ್ನ ಹೊಸ ಬಟ್ಟೆಗೆ ರೊಕ್ಕ ಬೇಕು ಅಂತ ಒಂದು ಪಾರ್ಟಿ ಇಟ್ಟಳು. ಹುಡುಗೇರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಪ್ಲೇಟ್ ಹಾಕಿದವ ಅವಳಣ್ಣ ಕ್ಲೈವ್, ಜಮೈಕಾದಿಂದ ಬಂದವ. ಜಗತ್ತಿಗೆ ಅವ ಡಿಜೆ ಕೂಲ್ ಹರ್ಕ್.

ಹರ್ಕ್ ಒಂದು ವಿಷಯ ಗಮನಿಸಿದ್ದ. ಹಾಡಿನ ನಡುವೆ ದನಿ ನಿಂತು ಬರೇ ಡ್ರಮ್ ಬಾರಿಸೋ ಕೆಲವು ಸೆಕೆಂಡು ಬರುತ್ತದೆ. ಕುಣಿಯುವವರು ಕಾಯೋದು ಅದಕ್ಕ. ಅದಕ್ಕ ಬ್ರೇಕ್ ಅಂತ ಹೆಸರು. ಒಂದೇ ಹಾಡಿನ ಎರಡು ಪ್ಲೇಟ್ ಎರಡು ಟರ್ನ್‌ಟೇಬಲ್ ಮೇಲೆ ಇಟ್ಟು, ಒಂದರಲ್ಲಿ ಬ್ರೇಕ್ ಮುಗಿಯುತ್ತಿದ್ದಂಗ ಇನ್ನೊಂದರಲ್ಲಿ ಅದೇ ಜಾಗಕ್ಕ ಸೂಜಿ ಇಟ್ಟ. ಹತ್ತು ಸೆಕೆಂಡಿನ ಬಡಿತ ಐದು ನಿಮಿಷ ಆಯಿತು. ಆ ಬಡಿತಕ್ಕ ಕುಣಿದವರು ಬ್ರೇಕರ್ ಆದರು, ಮೈಕ್ ಹಿಡಿದು ಮಂದಿಯನ್ನ ಹುರಿದುಂಬಿಸಿದವರು ಎಂಸಿ ಆದರು. ಗೋಡೆ ಮತ್ತು ರೈಲಿನ ಮೇಲೆ ಬಣ್ಣದ ಡಬ್ಬಿಯಿಂದ ಹೆಸರು ಬರೆದ ಗ್ರಾಫಿಟಿ ಹುಡುಗರೂ ಇದೇ ಬಳಗಕ್ಕ ಸೇರಿದರು. ಡಿಜೆ, ಎಂಸಿ, ಬ್ರೇಕಿಂಗ್, ಗ್ರಾಫಿಟಿ, ಈ ನಾಲ್ಕು ಕೂಡಿದ್ರ ಹಿಪ್ ಹಾಪ್. ರ‍್ಯಾಪ್ ಅದರಾಗ ಒಂದು ಪಾಲು ಅಷ್ಟ. ಇದರೊಳಗಿನ ಬ್ರೇಕಿಂಗ್ 2024ರ ಪ್ಯಾರಿಸ್ ಒಲಿಂಪಿಕ್ಸಿನ ತನಕ ಹೋಯಿತು.

ಇ ಅಂಡ್ ಸಿ ಬ್ರಾಂಚಿನವರು ಇಲ್ಲಿ ಸ್ವಲ್ಪ ಕಿವಿ ಕೊಡ್ರಿ. ಹರ್ಕ್ ಅಂದಾಜಿನ ಮೇಲೆ ಮಾಡಿದ್ದನ್ನ ಕರಾರುವಾಕ್ಕು ಮಾಡಿದವ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್. ವೃತ್ತಿ ಶಿಕ್ಷಣದ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿತ ಹುಡುಗ. ಬ್ರೇಕ್ ಎಲ್ಲಿಂದ ಎಲ್ಲಿಗೆ ಅನ್ನೋದನ್ನ ಪ್ಲೇಟಿನ ಮೇಲೆ ಕ್ರೇಯಾನಿನಿಂದ ಗುರುತು ಹಾಕಿದ. ಮುಂದಿನ ಪ್ಲೇಟನ್ನ ಮಂದಿಗೆ ಕೇಳಿಸೋ ಮೊದಲು ತಾನೊಬ್ಬನೇ ಹೆಡ್‌ಫೋನಿನಲ್ಲಿ ಕೇಳಾಕ ಒಂದು ಸ್ವಿಚ್ ತಾನೇ ಕೂಡಿಸಿಕೊಂಡ. ಮುಂದೆ 1980ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿಆರ್-808 ಎಂಬ ಡ್ರಮ್ ಮಷೀನ್ ತಂದಿತು. ಅದರ ಕಿಕ್ ಡ್ರಮ್ಮಿನ ಸದ್ದು ಹುಟ್ಟೋದು ಬ್ರಿಡ್ಜ್ಡ್-ಟಿ ನೆಟ್‌ವರ್ಕ್ ಆಸಿಲೇಟರ್‌ನಿಂದ. ಖರೇ ಡ್ರಮ್ಮಿನಂಗ ಕೇಳಿಸಂಗಿಲ್ಲ ಅಂತ ಕೊಳ್ಳೋರು ಕಡಿಮೆ ಇದ್ದರು, 1983ಕ್ಕ ತಯಾರಿಕೆಯೂ ನಿಂತಿತು. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕ ಸಿಕ್ಕ ಆ ಡಬ್ಬಿಯನ್ನ ರೊಕ್ಕ ಇಲ್ಲದ ಹುಡುಗರು ಒಯ್ದರು. ಇವತ್ತು ಕಾರಿನ ಗಾಜು ನಡುಗಸೋ 'ಬೇಸ್' ಅಂತೀವಲ್ಲ, ಅದರ ಮೂಲ ಅದು. ಸೋತ ಸರ್ಕ್ಯೂಟ್ ಒಂದು ಜಗತ್ತಿನ ಸಂಗೀತ ಬದಲಿಸಿತು.

ಯಾವ ಊರಿನಾಗ ಇದೆಲ್ಲ ನಡೀತು ಅನ್ನೋದೂ ಮುಖ್ಯ. ರಾಬರ್ಟ್ ಮೋಸೆಸ್ ಎಂಬ ಅಧಿಕಾರಿಯ ಯೋಜನೆಯಂತೆ ಬ್ರಾಂಕ್ಸಿನ ನಟ್ಟನಡುವೆ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇ ಕೊರೆದು ಹೋಯಿತು. ಸಾವಿರಾರು ಕುಟುಂಬ ಮನೆ ಬಿಟ್ಟವು. ಉಳಿದವರ ಪಾಲಿಗೆ ಬಿದ್ದ ಕಟ್ಟಡ, ಬೆಂಕಿ, ಕೆಲಸ ಇಲ್ಲದ ದಿನ. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್ ತಂಡದ 'ದ ಮೆಸೇಜ್' ಬಂದಾಗ ಅದುವರೆಗೆ ಪಾರ್ಟಿ ಹಾಡಾಗಿದ್ದ ರ‍್ಯಾಪ್ ಆ ಓಣಿಯ ವರದಿಯೂ ಆಯಿತು.

ನವನಗರದ ಸೆಕ್ಟರ್‌ನಾಗ ಕೂತು ಇದನ್ನ ಓದುವಾಗ ನಿಮಗೇನೂ ಅನ್ನಿಸಲಿಲ್ಲೇನು? ನಮಗಂತೂ ಅನ್ನಿಸಿತು. ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಓಣಿ ಓಣಿ ಖಾಲಿಯಾದವು. ಅಜ್ಜ ಕಟ್ಟಿದ ಮನೆ ಬಿಟ್ಟು ನಂಬರಿನ ಪ್ಲಾಟಿಗೆ ಬಂದವರ ಮಕ್ಕಳು ನಮ್ಮ ಕ್ಲಾಸಿನಾಗೇ ಅದಾರ. ಈಗಿನ ನೀರಿನ ಮಟ್ಟ 519.60 ಮೀಟರ್. ಅದನ್ನ 524.256ಕ್ಕೆ ಏರಿಸೋ ಮಾತು ವರ್ಷಗಳಿಂದ ನಡೆದೈತಿ, ಏರಿಸಿದ್ರ ಇನ್ನಷ್ಟು ಊರು ಹೋಗ್ತಾವ. ಸಿವಿಲ್‌ನವರಿಗೆ ಇದು ಎಫ್‌ಆರ್‌ಎಲ್, ಲೆವೆಲಿನ ಲೆಕ್ಕ. ಊರು ಬಿಟ್ಟ ಮನಿಗೆ ಅದು ದೇವರ ಕಟ್ಟಿ, ಬಾವಿ, ಸ್ಮಶಾನ ಎಲ್ಲಾ ಬಿಟ್ಟು ಬಂದ ಲೆಕ್ಕ. ಹುನಗುಂದ, ಬಾದಾಮಿ ಕಡೆಯಿಂದ ಮಂಗಳೂರು, ಗೋವಾಕ್ಕ ಗುಳೆ ಹೋಗೋರದು ಇನ್ನೊಂದು ಲೆಕ್ಕ. ಇದನ್ನೆಲ್ಲ ಬಿಟ್ಟು ನಮ್ಮ ಹುಡುಗ ಸಿಲ್ಕ್ ಬೋರ್ಡ್ ಟ್ರಾಫಿಕ್ ಹಾಡಿದ!

ಹಂಗಂತ 'ನಮ್ಮಲ್ಲೇ ಹುಟ್ಟಿತು' ಅನ್ನಬ್ಯಾಡ್ರಿ

ಈಗ ಎರಡನೇ ವಿರೋಧಕ್ಕ ಬರೋಣ. ನಮ್ಮ ಕಡೆ ಸರಕು ಐತಿ, ಬೇಕಾದಷ್ಟು ಐತಿ. ಎಣಸ್ತಾ ಹೋಗೋಣ.

ಹುನಗುಂದ ತಾಲೂಕಿನ ಐಹೊಳೆ. ಮೇಗುತಿ ಗುಡಿಯ ಗೋಡೆ ಮ್ಯಾಲೆ ಕ್ರಿ.ಶ. 634ರ ಶಾಸನ, ಬರೆದವ ರವಿಕೀರ್ತಿ. ಸಂಸ್ಕೃತದಾಗ ಐತಿ. ಇಮ್ಮಡಿ ಪುಲಿಕೇಶಿ ಹರ್ಷವರ್ಧನನನ್ನ ಸೋಲಿಸಿದ್ದನ್ನ ಹೇಳುವಾಗ ರವಿಕೀರ್ತಿ ರಾಜನ ಹೆಸರಿನ ಮ್ಯಾಲೇ ಶ್ಲೇಷೆ ಕಟ್ಟಿ, ಹರ್ಷನಿಗೆ ಹರ್ಷವೇ ಉಳಿಯದಂಗ ಮಾಡ್ತಾನ. ಇವತ್ತಿನ ಬ್ಯಾಟಲ್‌ನಾಗ ಇದಕ್ಕ ಪಂಚ್‌ಲೈನ್ ಅಂತಾರ. ಕೊನೆಗೆ ತಾನು ಕಾಳಿದಾಸ, ಭಾರವಿಯರ ಕೀರ್ತಿಗೆ ಸಮ ಅಂತ ತನ್ನ ಬೆನ್ನು ತಾನೇ ತಟ್ಟಿಕೊಳ್ತಾನ. ಇಷ್ಟು ಧಿಮಾಕು ಯಾವ ರ‍್ಯಾಪರ್‌ಗೂ ಕಡಿಮೆಯಿಲ್ಲ.

ಬಾದಾಮಿ. ಕೆರೆಯ ಮಗ್ಗಲಿನ ಬಂಡೆ ಮ್ಯಾಲೆ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದ್ದು. ಕನ್ನಡದ ತ್ರಿಪದಿಗೆ ಸಿಗೋ ಬಹಳ ಹಳೆಯ ಉದಾಹರಣೆ ಅದು. ಒಳ್ಳೆಯವರಿಗೆ ಒಳ್ಳೆಯವ, ಕೆಣಕಿದವರಿಗೆ ಕೇಡು ಅನ್ನೋ ಧಾಟಿಯ ಹೊಗಳಿಕೆ. ಟ್ರಿಪ್‌ಗೆ ಹೋದಾಗ ಗುಹೆ ಮುಂದ ಸೆಲ್ಫಿ ತೆಗೆದು ಮಂಗ್ಯಾಗೋಳಿಗೆ ಬಾಳೆಹಣ್ಣು ಕೊಟ್ಟು ಬರ್ತೀವಿ, ಈ ಬಂಡೆ ನೋಡಿದವರು ನಮ್ಮೊಳಗೆ ಎಷ್ಟು ಮಂದಿ?

ಮುಧೋಳ ತಾಲೂಕಿನ ಹಲಗಲಿ. ಹತ್ತನೇ ಕ್ಲಾಸಿನಾಗ ಬಾಯಿಪಾಠ ಮಾಡಿದ ಲಾವಣಿ ನೆನಪು ಮಾಡ್ಕೊಳ್ರಿ. 1857ರಲ್ಲಿ ಆಯುಧ ಒಪ್ಪಿಸಬೇಕು ಅಂತ ಬ್ರಿಟಿಷರ ಕಾನೂನು ಬಂದಾಗ ಬೇಡರು ಒಪ್ಪಲಿಲ್ಲ. ದಂಡು ಬಂದು ಊರು ಸುಟ್ಟಿತು, ಹಿಡಿದವರನ್ನ ಗಲ್ಲಿಗೆ ಹಾಕಿತು. ಪೇಪರ್ ಇಲ್ಲದ ಊರಿಗೆ ಆ ಸುದ್ದಿ ಮುಟ್ಟಿಸಿದ್ದು ಈ ಲಾವಣಿ. ಅದನ್ನ ಸಂಗ್ರಹಿಸಿ ಅಚ್ಚಿಗೆ ಕೊಟ್ಟವ ಜೆ.ಎಫ್. ಫ್ಲೀಟ್, ಅದೇ ಸರ್ಕಾರದ ಅಧಿಕಾರಿ! ಗಲ್ಲಿಗೆ ಹಾಕಿದ ಸರ್ಕಾರದವನೇ ಆ ಹಾಡು ಕೂತು ಕೇಳಿದ. ನಾವು ಪರೀಕ್ಷೆಗೆ ಓದಿ ಮರೆತ್ವಿ.

ಇನ್ನ ಹರದೇಶಿ-ನಾಗೇಶಿ. ಜಾತ್ರ್ಯಾಗ ರಾತ್ರಿಯಿಡೀ ಎರಡು ಮೇಳ ಎದುರಾಬದುರು ನಿಂತು ಹಾಡ್ತಾವ. ಹರದೇಶಿಯವರು ಗಂಡು ಹೆಚ್ಚು, ಶಿವ ಹೆಚ್ಚು ಅಂತ. ನಾಗೇಶಿಯವರು ಹೆಣ್ಣು ಹೆಚ್ಚು, ಶಕ್ತಿ ಹೆಚ್ಚು ಅಂತ. ಒಬ್ಬರು ಸವಾಲು ಹಾಕಿದ್ರ ಇನ್ನೊಬ್ಬರು ಪದದಾಗೇ ಜವಾಬು ಕೊಡಬೇಕು. ಕೈಯಾಗ ದಪ್ಪು, ಮಗ್ಗಲಿಗೆ ತುಂತುಣಿ. ಸ್ವಾತಂತ್ರ್ಯ ಹೋರಾಟದ ಕಾಲಕ್ಕ ಇದೇ ಗೀಗೀ ಮೇಳಗಳು ಬ್ರಿಟಿಷರ ವಿರುದ್ಧ ಪದ ಕಟ್ಟಿ ಹಾಡಿದವು. ಲಾವಣಿಯ ಕೊನೆಗೆ ಕವಿ ತನ್ನ ಊರು, ಹೆಸರು ಸೇರಿಸ್ತಾನ. ಕೂಡಲಸಂಗಮದ ಹೆಸರಿನಿಂದಲೇ ಬಸವಣ್ಣನವರ ವಚನದ ಅಂಕಿತ. ರ‍್ಯಾಪರ್‌ಗಳೂ ಹಾಡಿನೊಳಗೆ ತಮ್ಮ ಹೆಸರು ಹಾಕ್ತಾರ.

ಇಷ್ಟೆಲ್ಲಾ ಹೇಳಿದ ಮ್ಯಾಲೂ ನಾವು ಹೇಳೋದು: ಗೀಗೀ ಪದ ರ‍್ಯಾಪ್ ಅಲ್ಲ. ರವಿಕೀರ್ತಿ ರ‍್ಯಾಪರ್ ಅಲ್ಲ, ಬಸವಣ್ಣನವರಂತೂ ಖಂಡಿತ ಅಲ್ಲ! ಹೋಲಿಕೆ ಬೇರೆ, ಹುಟ್ಟು ಬೇರೆ. ಗೀಗೀಯವರು ಪ್ಲೇಟ್ ಕೂಡಿಸಿ ಬಡಿತ ಕಟ್ಟಲಿಲ್ಲ. ಬ್ರಾಂಕ್ಸಿನ ಹುಡುಗರಿಗೆ ನಮ್ಮ ದಪ್ಪು ಗೊತ್ತಿರಲಿಲ್ಲ. ಗುಲಾಮಗಿರಿಯಿಂದ ಬಂದ ಕರಿಯ ಜನರ ಮಕ್ಕಳು, ಕೆರಿಬಿಯನ್ನಿನಿಂದ ಬಂದವರು, ಪೋರ್ಟೊರಿಕೊದವರು ಕೂಡಿ ಕಟ್ಟಿದ ಕಲೆ ಅದು. 'ವಿಮಾನ ನಮ್ಮಲ್ಲೇ ಇತ್ತು' ಅನ್ನೋ ವಾಟ್ಸಾಪ್ ಫಾರ್ವರ್ಡಿನಂಗ 'ರ‍್ಯಾಪ್ ನಮ್ಮಲ್ಲೇ ಇತ್ತು' ಅಂದ್ರ ಅವರ ಕಷ್ಟವನ್ನ ಅಳಿಸಿದಂಗ ಆಗತೈತಿ. ನಮ್ಮ ಗೀಗೀಗೂ ಅದರಿಂದ ಲಾಭ ಇಲ್ಲ. ರ‍್ಯಾಪಿನಂಗ ಐತಿ ಅಂತ ಸರ್ಟಿಫಿಕೇಟ್ ಸಿಕ್ರ ಮಾತ್ರ ಗೀಗೀಗೆ ಬೆಲೆ ಅಂದಂಗ ಆಯ್ತಲ್ಲ.

ಹಂಗಾದ್ರ ಈ ಸರಕು ಯಾಕ ಬೇಕು? ಇಳಕಲ್ ಸೀರಿ ನೋಡ್ರಿ. ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಸ್ತಾರ, ಅದಕ್ಕ ಕೊಂಡಿ ಅಂತಾರ. ಒಡಲು ಸೆರಗಾಗಂಗಿಲ್ಲ, ಸೆರಗು ಒಡಲಾಗಂಗಿಲ್ಲ, ಸೀರಿ ಮಾತ್ರ ಒಂದೇ. ರ‍್ಯಾಪಿಗೂ ನಮ್ಮ ಮಾತಿಗೂ ಬೇಕಾಗಿದ್ದು ಇಂಥ ಕೊಂಡಿ. ಅದನ್ನ ಹಾಕಾಕ ಎರಡೂ ಕಡೆಯ ಎಳೆ ಕೈಯಾಗ ಇರಬೇಕು, ಅಂದ್ರ ಎರಡನ್ನೂ ಕೇಳಿರಬೇಕು.

ಭಾಷೆಯ ಲೆಕ್ಕ

'ನಮ್ಮ ಭಾಷಾದಾಗ ಹೇಳಿದ್ರ ನಗತಾರ' ಅನ್ನೋ ಹೆದರಿಕೆಗೆ ಒಂದು ತಾಂತ್ರಿಕ ಉತ್ತರ ಐತಿ. ನಿಮಿಷಕ್ಕ 90 ಬಡಿತದ ಬೀಟ್ ತಗೊಳ್ರಿ. ನಾಲ್ಕು ಬಡಿತಕ್ಕ ಒಂದು ಬಾರ್, ಅಂದ್ರ ಸುಮಾರು 2.7 ಸೆಕೆಂಡ್. 16 ಬಾರಿನ ಒಂದು ವರ್ಸ್ ಅಂದ್ರ ಸುಮಾರು 43 ಸೆಕೆಂಡ್. ಅಷ್ಟರೊಳಗೆ ಹೇಳೋದು ಹೇಳಿ ಮುಗಿಸಬೇಕು. ಪುಸ್ತಕದ ಕನ್ನಡದಾಗ 'ಬರುವುದಿಲ್ಲ' ಐದು ಅಕ್ಷರ, ನಮ್ಮ 'ಬರಂಗಿಲ್ಲ' ನಾಲ್ಕು. 'ಹೋಗುತ್ತೇನೆ' ನಾಲ್ಕು, 'ಹೊಕ್ಕೀನಿ' ಮೂರು, ಅದರಾಗ ಒತ್ತು ಬೇರೆ ಡ್ರಮ್ಮಿನಂಗ ಬೀಳತೈತಿ. ನಮ್ಮ ಮಾತು ಮೊದಲೇ ಕತ್ತರಿಸಿ, ಕುಟ್ಟಿ, ಬೀಟಿಗೆ ತಯಾರಾಗಿ ಕೂತೈತಿ.

ಇನ್ನೊಂದು ಪ್ರಾಸದ ವಿಷಯ. ಇಂಗ್ಲಿಷ್ ರ‍್ಯಾಪ್ ಕೇಳಿ ಬರೆಯೋರು ಸಾಲಿನ ಕೊನೆಗಷ್ಟ ಪ್ರಾಸ ಹುಡುಕ್ತಾರ. ಕನ್ನಡದಾಗ ಕ್ರಿಯಾಪದ ಕೊನೆಗೆ ಬರೋದ್ರಿಂದ 'ಮಾಡ್ತೀನಿ, ನೋಡ್ತೀನಿ, ಓಡ್ತೀನಿ' ಅಂತ ಎಷ್ಟು ಬೇಕಾದ್ರೂ ಪ್ರಾಸ ಪುಕ್ಕಟೆ ಸಿಗತೈತಿ. ಪುಕ್ಕಟೆ ಸಿಕ್ಕಿದ್ದು ಕಿವಿಗೆ ಬೇಗ ಬೇಜಾರು. ನಮ್ಮ ಹಳೇ ಕಾವ್ಯದಾಗ ಸಾಲಿನ ಎರಡನೇ ಅಕ್ಷರಕ್ಕ ಪ್ರಾಸ ಹಿಡಿಯೋ ಪದ್ಧತಿ ಐತಿ. ಸಾಲಿನ ತಲೆಗೊಂದು, ಕೊನೆಗೊಂದು ಪ್ರಾಸ ಹಿಡಿದು ಬರೆದು ನೋಡ್ರಿ, ವರ್ಸ್ ಹೆಂಗ ಬಿಗಿ ಆಗತೈತಿ ಅಂತ.

ಮಂದಿ ನಗತಾರ ಅನ್ನೋದಕ್ಕ ಉತ್ತರ ಬೆಳಗಾವಿ ಜಿಲ್ಲೆಯಿಂದಲೇ ಬಂದೈತಿ. ಮಾಳು ನಿಪನಾಳ ಅವರ 'ನಾ ಡ್ರೈವರ್' ಹಾಡು ರಾಜ್ಯದ ತುಂಬ ಕುಣಿಸಿತು. ಅದು ರ‍್ಯಾಪ್ ಅಲ್ಲ, ಜಾನಪದ ಧಾಟಿ. ಆದ್ರ ಉತ್ತರ ಕರ್ನಾಟಕದ ಮಾತನ್ನ ಬೆಂಗಳೂರಿನವರೂ ಬಾಯಿಪಾಠ ಮಾಡಿ ಹಾಡಿದ್ರು. ಮಾತು ಬದಲಿಸಬೇಕಾದ ಅವಶ್ಯಕತೆ ಬೀಳಲಿಲ್ಲ.

ಯಾರನ್ನ ಕೇಳಬೇಕು?

ಬೆಂಗಳೂರಿನವರನ್ನ ಕೇಳಬ್ಯಾಡ್ರಿ ಅಂತ ನಾವು ಹೇಳಂಗಿಲ್ಲ. ಅವರು ತಮ್ಮ ಊರು ಹಾಡಿದ್ರು, ನಾವೂ ನಮ್ಮ ಊರು ಹಾಡಬೇಕು, ಅಷ್ಟ. ಬ್ರೋಧಾ ವಿ, ಸ್ಮೋಕಿ ದ ಘೋಸ್ಟ್, ಬಿಗ್ ನಿಕ್ ಕೂಡಿದ್ದ ತಂಡದ ಹೆಸರು 'ಮಚ್ಚಾಸ್ ವಿತ್ ಆಟಿಟ್ಯೂಡ್'. ಅಮೆರಿಕದ ಎನ್.ಡಬ್ಲ್ಯೂ.ಎ. ತಂಡದ ಹೆಸರನ್ನ ಬೆಂಗಳೂರಿನ 'ಮಚ್ಚಾ'ಕ್ಕ ತಿರುಗಿಸಿದ್ದು. ಬ್ರೋಧಾ ವಿ ಅವರ 2012ರ 'ಆತ್ಮ ರಾಮ' ಇಂಗ್ಲಿಷ್ ರ‍್ಯಾಪಿನ ನಡುವೆ ರಾಮನ ಸ್ತುತಿ ಕೂಡಿಸಿತು. ಕನ್ನಡದಾಗ ಆಲ್ ಓಕೆ, ಚಂದನ್ ಶೆಟ್ಟಿ, ರಾಹುಲ್ ಡಿಟ್ಟೊ, ಎಂಸಿ ಬಿಜ್ಜು, ಗುಬ್ಬಿ ಅವರೆಲ್ಲ ಅದಾರ. ಸಿರಿ ಅವರು ಹೆಣ್ಣಿನ ದನಿಯಾಗ ಕನ್ನಡ ರ‍್ಯಾಪ್ ಹಿಡಿದವರು. 2024ರಲ್ಲಿ ಹನುಮಾನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಜಗತ್ತೆಲ್ಲ ಸುತ್ತಿತು. ಅದರ ವಿಡಿಯೊದಾಗ ಇದ್ದದ್ದು ನಮ್ಮ ಜಾತ್ರ್ಯಾಗಳಾಗೂ ಬರೋ ಮೌತ್ ಕಾ ಕುವಾ, ಬಾವಿಯ ಗೋಡೆ ಮ್ಯಾಲೆ ಬೈಕ್ ಓಡಸೋ ಆಟ! ನಾವು ಹತ್ತು ಸಲ ನೋಡಿ ಬಂದಿದ್ವಿ, ಅದರಾಗ ಹಾಡು ಐತಿ ಅಂತ ನಮಗ ಹೊಳೀಲಿಲ್ಲ.

ಬೇರೆ ಕಡೆಯವರನ್ನೂ ಕೇಳ್ರಿ. ಮುಂಬೈನ ನೇಜಿ 2014ರಲ್ಲಿ 'ಆಫತ್' ಹಾಡಿನ ವಿಡಿಯೊವನ್ನ ಐಪ್ಯಾಡ್‌ನಾಗ ಮಾಡಿದ. ಮುಂದ ಡಿವೈನ್ ಜೊತೆ ಅವನ ಕಥೆ 2019ರ 'ಗಲ್ಲಿ ಬಾಯ್' ಸಿನಿಮಾಕ್ಕ ಪ್ರೇರಣೆ ಆಯಿತು. ತಮಿಳಿನ ಅರಿವು, ಪಾ. ರಂಜಿತ್ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' ತಂಡದವರು. ಜಾತಿಯ ಬಗ್ಗೆ ನೇರ ಹಾಡಿದ್ರು. ಒಡಿಶಾದ ಕಾಲಾಹಂಡಿಯ ದುಲೇಶ್ವರ ಟಾಂಡಿ ಗುಳೆ ಹೋದವರ ಗೋಳನ್ನ ರ‍್ಯಾಪ್ ಮಾಡಿದ. ಅವನ ಹಾಡಿಗೂ ನಮ್ಮ ಬಸ್ ಸ್ಟ್ಯಾಂಡಿನಾಗ ಗಂಟು ಮೂಟೆ ಕಟ್ಟಿ ಮಂಗಳೂರು ಬಸ್ ಕಾಯೋರಿಗೂ ಎಷ್ಟು ದೂರ? ಇಲ್ಲೊಂದು ನೆನಪು: ಬ್ರಾಂಕ್ಸಿನಾಗ ಹಿಪ್ ಹಾಪ್ ಹುಟ್ಟಿದ ಆ ದಶಕದಾಗೇ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಒಬ್ಬರಿಗೊಬ್ಬರು ಗೊತ್ತಿಲ್ಲದೇ ಎರಡು ಕಡೆ ಓಣಿಯ ಸಿಟ್ಟು ಹಾಡಾಯಿತು.

ಮೊದಲ ವಿರೋಧದಾಗೂ ಸತ್ಯ ಐತಿ, ಅದನ್ನ ಮುಚ್ಚಿಡಂಗಿಲ್ಲ. ರ‍್ಯಾಪಿನಾಗ ಕುಡಿತದ ಮೆರೆದಾಟ, ಬಂದೂಕು, ಹೆಣ್ಣುಮಕ್ಕಳನ್ನ ಕೀಳು ಮಾಡೋ ಮಾತು ಧಾರಾಳ ಅದಾವ, ಕನ್ನಡದಾಗೂ ಅದಾವ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನಿ ಮನಿಗೆ ಹೋಗಿ 'ನಿಮ್ಮ ದುಶ್ಚಟ ನನ್ನ ಜೋಳಿಗೆಗೆ ಹಾಕ್ರಿ' ಅಂತ ಬೇಡಿದ ನೆಲ ಇದು. ಇಲ್ಲಿ ಪೆಗ್ಗಿನ ಲೆಕ್ಕದ ಹಾಡಿಗೆ ಕುಣಿದು, ಅದೇ ರ‍್ಯಾಪ್ ಅಂದ್ಕೊಂಡ್ರ ನಷ್ಟ ನಮಗ. ಅದಕ್ಕ ಮದ್ದು ಕಿವಿ ಮುಚ್ಚೋದಲ್ಲ, ಇನ್ನಷ್ಟು ಕೇಳೋದು. 1989ರ ಕ್ವೀನ್ ಲತೀಫಾ ಕೇಳಿದವನಿಗೆ, 1999ರಲ್ಲಿ ವರ್ಷದ ಆಲ್ಬಮ್ ಅಂತ ಗ್ರ್ಯಾಮಿ ಗೆದ್ದ ಲಾರಿನ್ ಹಿಲ್ ಕೇಳಿದವನಿಗೆ, 2018ರಲ್ಲಿ ಪುಲಿಟ್ಜರ್ ಪಡೆದ ಕೆಂಡ್ರಿಕ್ ಲಮಾರ್ ಕೇಳಿದವನಿಗೆ ಯಾವುದು ಗಟ್ಟಿ, ಯಾವುದು ಜೊಳ್ಳು ತಾನಾಗೇ ತಿಳೀತೈತಿ. ರಾಶಿ ತೂರದೇ ಜೊಳ್ಳು ಹಾರಂಗಿಲ್ಲ.

ಹಲಗಿ ಬಾರಿಸಿದವರ ಹೆಸರು

ಕೊನೆಗೊಂದು ಮಾತು, ನಮಗೇ ಚುಚ್ಚೋ ಮಾತು. 1969ರಲ್ಲಿ ದ ವಿನ್‌ಸ್ಟನ್ಸ್ ತಂಡದ 'ಅಮೆನ್, ಬ್ರದರ್' ಹಾಡಿನಾಗ ಗ್ರೆಗರಿ ಕೋಲ್ಮನ್ ಅನ್ನೋವ ಸುಮಾರು ಆರು ಸೆಕೆಂಡ್ ಡ್ರಮ್ ಬಾರಿಸಿದ. ಆ ಆರು ಸೆಕೆಂಡನ್ನ ಕತ್ತರಿಸಿ ಸಾವಿರಾರು ಹಾಡಿನಾಗ ಬಳಸಿದ್ರು. ಅವನಿಗೆ ಅದರಿಂದ ಒಂದು ಪೈಸಾ ಸಿಗಲಿಲ್ಲ. 2006ರಲ್ಲಿ ಮನೆ ಇಲ್ಲದೇ ತೀರಿಕೊಂಡ.

ಈಗ ನಮ್ಮ ಹೋಳಿ. ಬಾಗಲಕೋಟೆ ಹೋಳಿ ಅಂದ್ರ ನಾಡಿಗೆಲ್ಲ ಗೊತ್ತು. ಕಿಲ್ಲಾ, ಹಳಪೇಟಿ, ಹೊಸಪೇಟಿ ಅಂತ ಓಣಿ ಓಣಿಯ ಹಲಗಿ. ಆ ಬಡಿತ ಶುರುವಾದ್ರ ಕಾಲು ನಿಲ್ಲಂಗಿಲ್ಲ. ಬ್ರಾಂಕ್ಸಿನವರು ಬ್ಲಾಕ್ ಪಾರ್ಟಿ ಅಂದದ್ದು ನಮಗ ಓಣಿ ಹಬ್ಬ. ಹೋದ ಹೋಳಿಗೆ ನಮ್ಮವರೇ ಮೊಬೈಲಿನಾಗ ಹಲಗಿ ರೆಕಾರ್ಡ್ ಮಾಡಿ, ಲೂಪ್ ಕತ್ತರಿಸಿ, ಕೆಳಗ 808 ಹಾಕಿ ರೀಲ್ ಬಿಟ್ರು. ಸಾವಿರಗಟ್ಟಲೆ ಲೈಕ್ ಬಂತು. ಹಲಗಿ ಬಾರಿಸಿದವರ ಹೆಸರು ಕೇಳಿದ್ರ ಯಾರಿಗೂ ಗೊತ್ತಿಲ್ಲ. ತಲೆಮಾರುಗಳಿಂದ ಹಲಗಿ ಹಿಡಿದವರನ್ನ ಊರ ಹೊರಗ ಇಟ್ಟು, ಬಡಿತ ಮಾತ್ರ ಒಳಗ ಕರಕೊಂಡ ಚಾಳಿ ನಮ್ಮದು. ಈಗ ಲ್ಯಾಪ್‌ಟಾಪಿನಾಗೂ ಅದನ್ನೇ ಮಾಡಿದ್ವಿ ಅಂದ್ರ ಹಿಪ್ ಹಾಪಿನಿಂದ ನಾವು ಕಲಿತದ್ದೇನು? ಬಡಿತ ತಗೊಂಡ್ರ ಕೇಳಿ ತಗೊಳ್ರಿ, ಹೆಸರು ಹಾಕ್ರಿ, ರೊಕ್ಕ ಬಂದ್ರ ಪಾಲು ಕೊಡ್ರಿ. ಅಜ್ಜಿಯ ಪದ ಇರಲಿ, ಗೀಗೀ ಮೇಳದ ದಪ್ಪು ಇರಲಿ, ಇದೇ ನಿಯಮ.

ಹಂಗಾದ್ರ ನಮ್ಮ ಬೇಡಿಕೆ ಏನು? ಬಹಳೇನಿಲ್ಲ. ಹದಿನೈದು ದಿನಕ್ಕೊಮ್ಮೆ ಶುಕ್ರವಾರ ಸಂಜೆ ಒಂದು ತಾಸು, ಒಂದು ಖಾಲಿ ಕ್ಲಾಸ್‌ರೂಮ್, ಒಂದು ಸ್ಪೀಕರ್. ಮೊದಲ ವಾರ ಬ್ರಾಂಕ್ಸ್: ಹರ್ಕ್, ಫ್ಲ್ಯಾಶ್, 'ದ ಮೆಸೇಜ್'. ಎರಡನೇ ವಾರ 80ರ ದಶಕದ ಕೊನೆಯ ಸಿಟ್ಟು: ಪಬ್ಲಿಕ್ ಎನಿಮಿ, ಎನ್.ಡಬ್ಲ್ಯೂ.ಎ., ಕ್ವೀನ್ ಲತೀಫಾ. ಮೂರನೇ ವಾರ 90ರ ದಶಕ: ವು-ಟ್ಯಾಂಗ್ ಕ್ಲ್ಯಾನ್, ನ್ಯಾಸ್, ಟುಪಾಕ್, ಬಿಗ್ಗಿ, ಲಾರಿನ್ ಹಿಲ್. ಧೂಳು ಹಿಡಿದ ಡ್ರಮ್ಮಿನ ಬೂಮ್ ಬ್ಯಾಪ್ ಎಂದರೇನು, 808ರ ಮೇಲೆ ಚಟಪಟ ಹೈ-ಹ್ಯಾಟ್ ಓಡಿಸೋ ಟ್ರ್ಯಾಪ್ ಎಂದರೇನು, ಎರಡನ್ನೂ ಒಟ್ಟಿಗೆ ಇಟ್ಟು ಕೇಳೋಣ. ನಾಲ್ಕನೇ ವಾರ ಮುಂಬೈ, ಚೆನ್ನೈ, ಕಾಲಾಹಂಡಿ. ಐದನೇ ವಾರ ಕನ್ನಡ. ಆರನೇ ವಾರ ಸ್ಪೀಕರ್ ಬಂದ್: ಒಂದು ಗೀಗೀ ಮೇಳ, ಒಂದು ಹಲಗಿ ತಂಡವನ್ನ ಗೌರವಧನ ಕೊಟ್ಟು ಕರೆಸಿ ನೆಲದ ಮ್ಯಾಲೆ ಕೂತು ಕೇಳೋಣ. ಅದಾದ ಮ್ಯಾಲೆ ಯಾರಿಗೆ ಬರೀಬೇಕು ಅನ್ನಿಸ್ತದ ಅವರು ಬರೀಲಿ. ಬೇಡ ಅನ್ನಿಸಿದ್ರ ಬೇಡ. ಒಳ್ಳೆ ಕೇಳುಗರು ನಾಲ್ಕು ಮಂದಿ ತಯಾರಾದ್ರೂ ಸಾಕು. ನಗೋ ಮಂದಿ ಕಡಿಮೆಯಾದ ದಿನ ಹಾಡೋರು ತಾವೇ ಬರ್ತಾರ.

ಇಳಕಲ್ಲಿನ ನಮ್ಮ ದೋಸ್ತ ದೀಪಾವಳಿಗೆ ಊರಿಗೆ ಹೋದವ ಫೋನಿನಾಗ ಮಗ್ಗದ ಸಪ್ಪಳ ರೆಕಾರ್ಡ್ ಮಾಡ್ಕೊಂಡು ಬಂದಾನ. ಲಾಳಿ ಈ ಕಡೆಯಿಂದ ಆ ಕಡೆ ಓಡೋ ಸದ್ದು, ನಡುವೆ ಅವರಪ್ಪನ ಕೆಮ್ಮು. "ಇದನ್ಯಾರು ಕೇಳ್ತಾರೋ ತಮ್ಮಾ?" ಅಂತ ಅವರವ್ವ ಕೇಳಿದ್ದೂ ಅದರಾಗೇ ಸಿಕ್ಕೈತಿ. ಅದನ್ನ ಕತ್ತರಿಸಬ್ಯಾಡ ಅಂತ ಹೇಳೇವಿ.

ಯಾವ್ವಾ, ನಾವು ಕೇಳ್ತೀವಿ. ಖಾಲಿ ಕ್ಲಾಸ್‌ರೂಮಿನ ಕೀಲಿ ಯಾರಾದ್ರೂ ಕೊಟ್ರ ಸಾಕು.